ಗಂಡನ ಕೆಲಸದ ಮಾತೆತ್ತಿದರೆ ಅದು ವೈಯಕ್ತಿಕ ದಾಳಿಯೇ?

ಪ್ರಶ್ನೆ: ನಮ್ಮೂರಿನವರದ್ದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಊರಲ್ಲಿರುವವರು, ಬೆಂಗಳೂರು ಸೇರಿದವರು, ದುಬೈನಲ್ಲಿರುವವರು ಎಲ್ಲರೂ ಇದ್ದಾರೆ. ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇಲ್ಲ, ಬೆಳಿಗ್ಗೆ ಇನ್ನೊಂದು ಬಸ್ ಬಿಡಬೇಕು, ಸಿಬ್ಬಂದಿ ನೇಮಕ ಆಗಬೇಕು ಅಂತ ಬರೆದೆ. ಅಷ್ಟಕ್ಕೇ ಎರಡೂ ಪಕ್ಷದವರು ಮುಗಿಬಿದ್ದರು. ಒಬ್ಬರು ‘ಭಕ್ತೆ’ ಅಂದರು, ಇನ್ನೊಬ್ಬರು ‘ಗುಲಾಮರ ಕಡೆಯವಳು’ ಅಂದರು. ‘ಬಿಟ್ಟಿ ಬಸ್ಸಲ್ಲಿ ತಿರುಗೋದು ಬಿಟ್ಟು ಅಡುಗೆಮನೆ ನೋಡ್ಕೊಳ್ಳಿ’ ಅಂತ ಒಂದು ಮೆಸೇಜ್. ‘ಗಂಡ ಕಂಡಕ್ಟರ್ ಅಲ್ವಾ, ಅದಕ್ಕೇ ನೇಮಕಾತಿ ಮಾತು’ ಅಂತ ಒಂದು. ‘ಮಗಳು ಯಾವ ಬಸ್ಸಿಗೆ ಹೋಗ್ತಾಳೆ ಗೊತ್ತು, ಹುಷಾರು’ ಅಂತ ಇನ್ನೊಂದು. ‘ಟಿಕೆಟ್ ಕೊಡದೆ ದುಡ್ಡು ಹೊಡೆಯೋದು ನಿಂತಿತು, ಗಂಡ ಹೆಂಡತಿಗೆ ಅದೇ ಉರಿ’ ಅಂತಲೂ ಹಾಕಿದರು. ನಾನೂ ಸಿಟ್ಟಲ್ಲಿ ಒಬ್ಬನಿಗೆ ‘ಎಸ್ಸೆಸ್ಸೆಲ್ಸಿ ಪಾಸಾಗದವನು ನನಗೆ ಹೇಳಬೇಡ’ ಅಂದುಬಿಟ್ಟೆ. ಇವರ ಮೇಲೆ ಕೇಸ್ ಹಾಕಬಹುದಾ? ಗ್ರೂಪಿನ ಅಡ್ಮಿನ್ ನನ್ನ ಚಿಕ್ಕಪ್ಪನ ಮಗ. ತನ್ನ ಮೇಲೂ ಕೇಸಾಗುತ್ತೆ ಅಂತ ಹೆದರಿದ್ದಾನೆ. ಸುಮ್ನೆ ಗ್ರೂಪ್ ಬಿಟ್ಟುಬಿಡಲಾ?
— ಹೆಸರು, ಊರು ಬೇಡ ಎಂದಿರುವ ಓದುಗರು

ಉತ್ತರ: ನಿಮಗೆ ಬಂದ ಮಾತುಗಳನ್ನೆಲ್ಲ ನೀವು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಅವು ಒಂದೇ ತೂಕದವಲ್ಲ. ಮಗಳ ಬಸ್ಸಿನ ಮಾತನ್ನು ನೀವು ನಡುವೆ ಎಲ್ಲೋ ಸೇರಿಸಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅದನ್ನು ಈ ರಾಶಿಯಿಂದ ಹೊರಗೆ ತೆಗೆಯೋಣ. ಅದು ಚರ್ಚೆಯಲ್ಲ, ಒರಟು ಮಾತೂ ಅಲ್ಲ. ನೀವು ಬಾಯಿ ಮುಚ್ಚಬೇಕು ಅಂತ ಮಗುವನ್ನು ಎಳೆದು ತಂದ ಮಾತು.

ಒಬ್ಬರಿಗೆ, ಅಥವಾ ಅವರಿಗೆ ಬೇಕಾದವರಿಗೆ, ಹಾನಿ ಮಾಡುತ್ತೇನೆ ಅಂತ ಹೇಳಿ ಹೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ ಅಪರಾಧ. ಹಳೆಯ ಐಪಿಸಿಯಲ್ಲಿ ಇದು 503 ಮತ್ತು 506 ಆಗಿತ್ತು. 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ. ‘ಹುಷಾರಾಗಿರಲಿ ಅಂತ ಒಳ್ಳೇದಕ್ಕೇ ಹೇಳಿದೆ’ ಎಂದು ಆತ ವಾದಿಸಬಹುದು. ಆದರೆ ಆ ಮಾತು ಯಾವ ಜಗಳದ ನಡುವೆ, ಯಾವುದಾದ ಮೇಲೆ ಬಂತು ಅನ್ನುವುದನ್ನೂ ಪೊಲೀಸರು ನೋಡಬೇಕಾಗುತ್ತದೆ. ಅದಕ್ಕೆ ಆ ಒಂದು ಸಾಲು ಮಾತ್ರ ಸಾಲದು, ಹಿಂದುಮುಂದಿನ ಮೆಸೇಜುಗಳೂ ಬೇಕು.

ಈ ಕೆಲಸ ಇವತ್ತೇ ಮಾಡಿ. ವಾಟ್ಸಾಪಿನಲ್ಲಿ ಕಳಿಸಿದವರು ಎರಡು ದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತಿನವರೆಗೆ ಎಲ್ಲರ ಫೋನಿನಿಂದಲೂ ಮೆಸೇಜ್ ಅಳಿಸಬಹುದು. ಸ್ಕ್ರೀನ್‌ಶಾಟಿನಲ್ಲಿ ನೀವು ಸೇವ್ ಮಾಡಿಕೊಂಡ ಹೆಸರು ಮಾತ್ರ ಕಂಡರೆ ಪ್ರಯೋಜನ ಕಡಿಮೆ. ಆ ವ್ಯಕ್ತಿಯ ಪ್ರೊಫೈಲ್ ತೆರೆದು ನಂಬರ್ ಕಾಣುವಂತೆ ಒಂದು ತೆಗೆಯಿರಿ, ದಿನಾಂಕ ಮತ್ತು ಸಮಯ ಕಾಣುವಂತೆ ಇನ್ನೊಂದು. ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಫೋನ್ ರೀಸೆಟ್ ಮಾಡಬೇಡಿ, ಹಳೇ ಫೋನ್ ಎಂದು ಯಾರಿಗೂ ಕೊಡಬೇಡಿ. ಇಂಥ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕು. ಹಿಂದೆ ಇದನ್ನೇ 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದರು. ಆಮೇಲೆ ನಿಮ್ಮ ಠಾಣೆಗೆ, ಇಲ್ಲವೇ ಜಿಲ್ಲೆಯ ಸೆನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಠಾಣೆ) ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ಹಾಕಬಹುದು. ಎಲ್ಲರ ಬಾಯಲ್ಲೂ ಇರುವ 1930 ಮುಖ್ಯವಾಗಿ ದುಡ್ಡು ಕಳೆದುಕೊಂಡವರಿಗೆ ಇರುವ ನಂಬರ್.

ಈಗ ಉಳಿದದ್ದಕ್ಕೆ ಬರೋಣ.

‘ಗಂಡ ಕಂಡಕ್ಟರ್ ಅಲ್ವಾ’ ಎಂದದ್ದು ವೈಯಕ್ತಿಕ ದಾಳಿ ಅಂತ ನೀವು ಬಗೆದಿದ್ದೀರಿ. ನಾನು ಹಾಗೆ ಹೇಳಲಾರೆ. ನಿಮಗೆ ಬೇಸರವಾಗಬಹುದು, ಆದರೂ ಕೇಳಿ.

ಲೋಕಸಭೆಯ ನಡಾವಳಿ ನಿಯಮಗಳಲ್ಲಿ 352ನೇ ನಿಯಮ ಅಂತ ಒಂದಿದೆ. ಸದಸ್ಯರು ಮಾತಾಡುವಾಗ ಏನೇನು ಮಾಡಬಾರದು ಎಂಬ ಪಟ್ಟಿ ಅದು. ಇನ್ನೊಬ್ಬ ಸದಸ್ಯರಿಗೆ ದುರುದ್ದೇಶ ಅಂಟಿಸುವುದು, ಅವರ ಪ್ರಾಮಾಣಿಕತೆಯನ್ನೇ ಪ್ರಶ್ನಿಸುವ ವೈಯಕ್ತಿಕ ಆರೋಪ ಮಾಡುವುದು ಕೂಡದು ಅಂತ ಅದರಲ್ಲಿದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಆ ಸಂಗತಿಯೇ ಚರ್ಚೆಯ ವಿಷಯವಾಗಿದ್ದರೆ, ಇಲ್ಲವೇ ಚರ್ಚೆಗೆ ಸಂಬಂಧಪಟ್ಟಿದ್ದು ಹೇಳಲೇಬೇಕಾದ ಅಗತ್ಯ ಇದ್ದರೆ ಹೇಳಬಹುದು ಎಂದು ವಿನಾಯಿತಿ ಕೊಡುತ್ತದೆ. ಮನುಷ್ಯನ ಬಗ್ಗೆ ಮಾತಾಡಲೇಬೇಡಿ ಅಂತ ನಿಯಮ ಹೇಳಿಲ್ಲ. ಮಾತಾಡುವುದಾದರೆ ಅದು ಎದುರಿಗಿರುವ ವಿಷಯಕ್ಕೆ ಸಂಬಂಧಪಟ್ಟಿರಲಿ ಅಂತ ಹೇಳಿದೆ. ಸದನದಲ್ಲಿ ಇದನ್ನು ಎಷ್ಟು ಪಾಲಿಸುತ್ತಾರೆ ಅನ್ನುವುದು ಬೇರೆ ಮಾತು. ನಿಯಮ ಬರೆದವರು ಮಾತ್ರ ಜಾಣರು.

ಚುನಾವಣಾ ನೀತಿ ಸಂಹಿತೆಯಲ್ಲೂ ಇದೇ ಗೆರೆ ಇದೆ. 1960ರಲ್ಲಿ ಕೇರಳದ ವಿಧಾನಸಭಾ ಚುನಾವಣೆಯಲ್ಲಿ ಶುರುವಾದದ್ದು ಈ ಸಂಹಿತೆ. ಬೇರೆ ಪಕ್ಷವನ್ನು ಟೀಕಿಸುವಾಗ ಅದರ ನೀತಿ, ಕಾರ್ಯಕ್ರಮ, ಹಿಂದಿನ ದಾಖಲೆ, ಮಾಡಿದ ಕೆಲಸ ಇಷ್ಟಕ್ಕೇ ನಿಲ್ಲಬೇಕು ಅನ್ನುತ್ತದೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎತ್ತಬಾರದು ಅನ್ನುತ್ತದೆ. ಖಾಸಗಿ ಎಂದಷ್ಟೇ ಹೇಳಿ ಬಿಟ್ಟಿಲ್ಲ, ‘ಸಂಬಂಧವಿಲ್ಲದ’ ಅನ್ನುವುದನ್ನೂ ಸೇರಿಸಿದ್ದಾರೆ.

ಈ ಅಳತೆಯಲ್ಲಿ ನಿಮ್ಮ ಗಂಡನ ಕೆಲಸವನ್ನು ನೋಡಿ. ನೀವು ಕೇಳಿದ್ದು ಎರಡು: ಇನ್ನೊಂದು ಬಸ್ ಬಿಡಿ, ಸಿಬ್ಬಂದಿ ನೇಮಿಸಿ. ನೇಮಕಾತಿ ಆದರೆ ಈಗಿರುವ ಕಂಡಕ್ಟರುಗಳ ಡ್ಯೂಟಿ ಸ್ವಲ್ಪ ಹಗುರಾಗುತ್ತದೆ. ಅಂದರೆ ನಿಮ್ಮ ಮನೆಗೆ ಅದರಿಂದ ಲಾಭ ಇದೆ. ಓದುವವರಿಗೆ ಅದು ಗೊತ್ತಿರುವುದು ತಪ್ಪಲ್ಲ. ಬೇರೆ ಯಾರೋ ಅದನ್ನು ಎತ್ತಿ ಆಡುವ ಮೊದಲು ನೀವೇ ಬರೆದಿದ್ದರೆ ಅವರ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಹಾಗಂತ ಆ ಮಾತು ನಿಮಗೆ ಉತ್ತರವೂ ಅಲ್ಲ. ನಿಮ್ಮ ಗಂಡ ಕಂಡಕ್ಟರ್ ಆಗಿರಲಿ, ಕಲೆಕ್ಟರ್ ಆಗಿರಲಿ, ಬೆಳಿಗ್ಗೆ ನಿಮ್ಮೂರಿಗೆ ಎಷ್ಟು ಬಸ್ ಬರುತ್ತವೆ ಅನ್ನುವ ಲೆಕ್ಕ ಬದಲಾಗುವುದಿಲ್ಲ. ಜನ ಎಡವುವುದು ಇಲ್ಲೇ. ‘ನಿನಗೆ ಇದರಲ್ಲಿ ಲಾಭ ಇದೆ’ ಅಂತ ತೋರಿಸಿದ ತಕ್ಷಣ ‘ನೀನು ಹೇಳಿದ್ದು ಸುಳ್ಳು’ ಅಂತ ಸಾಬೀತಾಯಿತು ಅಂದುಕೊಳ್ಳುತ್ತಾರೆ. ಲಾಭ ಇರುವವರು ಹೇಳಿದ್ದನ್ನು ಎರಡು ಸಲ ಪರೀಕ್ಷಿಸಿ ನೋಡಬೇಕು, ಅಷ್ಟೇ. ಸುಳ್ಳು ಅಂತ ಮೊದಲೇ ತೀರ್ಮಾನ ಮಾಡುವ ಹಾಗಿಲ್ಲ.

ಅದೇ ಅಳತೆಯಲ್ಲಿ ಅಡುಗೆಮನೆಯ ಮಾತು ನಿಲ್ಲುವುದೇ ಇಲ್ಲ. ಬಸ್ಸಿಗೂ ನಿಮ್ಮ ಒಲೆಗೂ ಏನು ಸಂಬಂಧ? ನನ್ನ ಬಳಿ ಇಂಥ ಮೆಸೇಜುಗಳನ್ನು ತರುವವರಲ್ಲಿ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಗಂಡಸು ಬರೆದರೆ ಬೈಗುಳ ಅವನ ಪಕ್ಷಕ್ಕೆ, ಜಾತಿಗೆ ಹೋಗುತ್ತದೆ. ಹೆಂಗಸು ಬರೆದರೆ ಅವಳ ಮನೆಗೆ, ನಡತೆಗೆ, ರೂಪಕ್ಕೆ ಹೋಗುತ್ತದೆ. ನಿಮಗೆ ಬಂದ ಸಾಲು ಕೀಳು, ಅಪರಾಧ ಅಲ್ಲ. ಅದು ಅಶ್ಲೀಲಕ್ಕೆ ತಿರುಗಿದ ದಿನ ವಿಷಯ ಬೇರೆಯಾಗುತ್ತದೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ನ್ಯಾಯ ಸಂಹಿತೆಯ 79ನೇ ಕಲಂ ಇದೆ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಅಶ್ಲೀಲ ಚಿತ್ರ, ಬರಹ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಸೇರುತ್ತದೆ.

‘ಭಕ್ತೆ’, ‘ಗುಲಾಮರ ಕಡೆಯವಳು’ ಎರಡೂ ಒಂದೇ ಸಂಜೆ ಸಿಕ್ಕಿವೆಯಲ್ಲ! ಒಬ್ಬರೇ ಎರಡೂ ಆಗಲು ಸಾಧ್ಯವಿಲ್ಲ. ಯೋಜನೆಯಿಂದ ತೊಂದರೆ ಇದೆ ಅಂದಿರಿ, ಒಂದು ಕಡೆಯವರಿಗೆ ಉರಿಯಿತು. ಯೋಜನೆ ನಿಲ್ಲಿಸಿ ಅನ್ನದೆ ಬಸ್ ಹೆಚ್ಚಿಸಿ ಅಂದಿರಿ, ಇನ್ನೊಂದು ಕಡೆಯವರಿಗೆ ಉರಿಯಿತು. ಅವರು ಬೈದದ್ದು ಮನಸ್ಸಿನಲ್ಲಿ ಇಟ್ಟುಕೊಂಡ ಯಾವುದೋ ಎದುರಾಳಿಯನ್ನು. ಇವಕ್ಕೆ ಉತ್ತರ ಕೊಡಬೇಡಿ. ‘ನಾನು ಯಾವ ಪಕ್ಷದವಳೂ ಅಲ್ಲ’ ಅಂತ ಸಮಜಾಯಿಷಿ ಕೊಡೋಕೆ ಹೋದರೆ ಚರ್ಚೆ ಬಸ್ಸಿನಿಂದ ಇಳಿದು ನಿಮ್ಮ ಮೇಲೆ ಬರುತ್ತದೆ.

ನಿಮ್ಮ ಎಸ್ಸೆಸ್ಸೆಲ್ಸಿ ಮಾತಿನ ಬಗ್ಗೆಯೂ ಹೇಳಲೇಬೇಕು. ಅದೂ ಅಡುಗೆಮನೆಯ ಜಾತಿಯದ್ದೇ. ಬಸ್ಸಿನಲ್ಲಿ ಜಾಗ ಇದೆಯೋ ಇಲ್ಲವೋ ಹೇಳೋಕೆ ಯಾವ ಪಾಸೂ ಬೇಕಿಲ್ಲ. ಗ್ರೂಪಿನಲ್ಲಿ ಓದು ಅರ್ಧಕ್ಕೆ ಬಿಟ್ಟವರು ಇನ್ನೂ ಎಷ್ಟೋ ಜನ ಇರುತ್ತಾರೆ. ಆ ಒಂದು ಸಾಲಿನಿಂದ ಅವರೆಲ್ಲ ನಿಮ್ಮ ಎದುರು ಪಾಳಯಕ್ಕೆ ಹೋದರು. ‘ಅದು ತಪ್ಪು ಮಾತು, ವಾಪಸ್ ತಗೋತೀನಿ’ ಎಂದು ಒಂದು ಸಾಲು ಹಾಕಿ. ಅದಕ್ಕೆ ‘ಆದರೆ’ ಸೇರಿಸಬೇಡಿ.

ಸಭ್ಯತೆ ಅಂದರೆ ಮೃದು ಮಾತು ಅಂತ ತಿಳಿದವರು ಬಹಳ. ‘ಮೇಡಂ, ತಾವು ತುಂಬಾ ಓದಿದವರು, ನಾವು ದಡ್ಡರು, ತಮ್ಮ ಯಜಮಾನರ ಸೇವೆ ಹೀಗೇ ಮುಂದುವರಿಯಲಿ’ ಅನ್ನುವುದನ್ನು ನೋಡಿ. ಒಂದು ಕೆಟ್ಟ ಪದವಿಲ್ಲ, ಎಲ್ಲಾ ಬಹುವಚನ. ಆದರೂ ಅಪ್ಪಟ ವೈಯಕ್ತಿಕ ದಾಳಿ. ಅದೇ ನಿಮ್ಮೂರ ಹಿರಿಯರೊಬ್ಬರು ‘ಏನಮ್ಮಾ, ನೀನು ಹೇಳೋ ಲೆಕ್ಕ ತಪ್ಪು, ಎರಡು ಬಸ್ ಇವೆ’ ಅಂದರೆ ಏಕವಚನ ಇದ್ದರೂ ಅದು ಅಸಲಿ ಚರ್ಚೆ. ಪತ್ರಿಕೆಗಳು ‘ಏಕವಚನದಲ್ಲೇ ವಾಗ್ದಾಳಿ’ ಅಂತ ತಲೆಬರಹ ಕೊಟ್ಟು ನಮಗೆ ಕೆಟ್ಟ ಅಭ್ಯಾಸ ಮಾಡಿಸಿವೆ. ಯಾವ ವಚನ ಅಂತ ನೋಡುತ್ತಾ ಕೂತರೆ ವಾದ ತಪ್ಪಿಹೋಗುತ್ತದೆ.

ಇನ್ನೊಂದು ಸಂಗತಿ. ಓಟು ಕೇಳುವವರಿಗೂ ಬಸ್ ಕೇಳುವವರಿಗೂ ಗೆರೆ ಒಂದೇ ಕಡೆ ಬೀಳುವುದಿಲ್ಲ. ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ಓದು ಇವನ್ನು ಅಫಿಡವಿಟ್‌ನಲ್ಲಿ ಹೇಳಲೇಬೇಕು. 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳಿಂದ ಬಂದ ವ್ಯವಸ್ಥೆ ಇದು. ಆದ್ದರಿಂದ ಶಾಸಕರ ಮೇಲಿರುವ ಕೇಸಿನ ಬಗ್ಗೆ ಯಾರಾದರೂ ಗ್ರೂಪಿನಲ್ಲಿ ಕೇಳಿದರೆ ‘ವೈಯಕ್ತಿಕಕ್ಕೆ ಇಳಿಯಬೇಡಿ’ ಅಂತ ಬಾಯಿ ಮುಚ್ಚಿಸುವ ಹಾಗಿಲ್ಲ. ಆದರೆ ಅಭ್ಯರ್ಥಿಯ ಖಾಸಗಿ ನಡತೆಯ ಬಗ್ಗೆ ಸುಳ್ಳು ಅಂತ ಗೊತ್ತಿದ್ದೂ ಹಬ್ಬಿಸಿದರೆ ಬೇರೆ. ಅಭ್ಯರ್ಥಿ, ಅವರ ಏಜೆಂಟ್ ಅಥವಾ ಅವರ ಒಪ್ಪಿಗೆ ಪಡೆದವರು ಗೆಲುವಿಗಾಗಿ ಹಾಗೆ ಮಾಡಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 123(4)ರಲ್ಲಿ ಅದು ಭ್ರಷ್ಟ ಆಚರಣೆ, ಆಯ್ಕೆಯೇ ರದ್ದಾಗಬಹುದು. ನೀವು ಓಟು ಕೇಳಿಲ್ಲ. ನಿಮ್ಮ ಬದುಕಿನ ಇಷ್ಟೆಲ್ಲ ವಿವರ ಯಾರಿಗೂ ಕೊಡಬೇಕಿಲ್ಲ.

ಕೇಸಿನ ಪ್ರಶ್ನೆ. ಒರಟಾಗಿ ಮಾತಾಡಿದರೆ ಸಾಕು, ಒಳಗೆ ಹಾಕಿಸಬಹುದು ಅನ್ನುವ ಕಾನೂನು ಒಂದು ಕಾಲದಲ್ಲಿ ಇತ್ತು. ಐಟಿ ಕಾಯ್ದೆಯ 66ಎ. ‘ಕಿರಿಕಿರಿ’ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷ ಜೈಲು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಾಳ ಠಾಕ್ರೆ ಅವರ ನಿಧನದ ನಂತರದ ಬಂದ್ ಬಗ್ಗೆ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಲಂ ಅನ್ನೇ ಕಿತ್ತುಹಾಕಿತು. ಚರ್ಚೆ ಬೇರೆ, ಒಂದು ನಿಲುವಿನ ಪರ ವಾದಿಸುವುದು ಬೇರೆ, ಗಲಭೆಗೆ ಪ್ರಚೋದಿಸುವುದು ಬೇರೆ ಎಂದಿತು. ಮೊದಲ ಎರಡು ಇನ್ನೊಬ್ಬರಿಗೆ ಎಷ್ಟೇ ಕಹಿಯಾಗಿದ್ದರೂ ರಕ್ಷಣೆ ಇದೆ. ಆಮೇಲೂ ಕೆಲವು ಕಡೆ ಪೊಲೀಸರು 66ಎ ಹಾಕುತ್ತಲೇ ಇದ್ದರು. 2022ರ ಅಕ್ಟೋಬರಿನಲ್ಲಿ ಕೋರ್ಟ್ ಮತ್ತೆ ತಾಕೀತು ಮಾಡಬೇಕಾಯಿತು. ಯಾರಾದರೂ ‘ನಿನ್ನ ಮೇಲೆ 66ಎ ಹಾಕಿಸ್ತೀನಿ’ ಎಂದರೆ ಹೆದರಬೇಡಿ.

ಉಳಿದಿರುವುದು ಮಾನನಷ್ಟ. ಇದು ದುಡ್ಡು ಹೊಡೆದ ಮಾತಿಗೆ ಮಾತ್ರ ಹೊಂದುತ್ತದೆ. ‘ಗುಲಾಮ’ ಅನ್ನುವುದು ಬೈಗುಳ. ‘ಟಿಕೆಟ್ ಕೊಡದೆ ದುಡ್ಡು ಹೊಡೆಯುತ್ತಿದ್ದರು’ ಅನ್ನುವುದು ಒಬ್ಬ ನೌಕರರ ಮೇಲೆ ಕಳ್ಳತನದ ಆರೋಪ. ಅದು ನಿಜವೋ ಸುಳ್ಳೋ ಅಂತ ಪರೀಕ್ಷಿಸಬಹುದಾದ ಸಂಗತಿ. ನ್ಯಾಯ ಸಂಹಿತೆಯ 356ನೇ ಕಲಂ, ಹಳೆಯ 499 ಮತ್ತು 500. ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಕ್ರಿಮಿನಲ್ ಮಾನನಷ್ಟ ಬೇಡ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಲಿಲ್ಲ, ಹಾಗಾಗಿ ಅದು ಉಳಿದಿದೆ.

ಆದರೆ ಪೊಲೀಸ್ ಠಾಣೆಗೆ ಹೋದರೆ ಇದಕ್ಕೆ ಎಫ್‌ಐಆರ್ ಆಗುವುದಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಹಾಕಬೇಕು. ಮಾನ ಹೋದದ್ದು ನಿಮ್ಮ ಗಂಡನದ್ದು, ಹಾಗಾಗಿ ದೂರುದಾರರೂ ಅವರೇ ಆಗಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕೋರ್ಟ್ ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವ ಮೊದಲೇ ಎದುರಿನವರಿಗೂ ಹೇಳಿಕೊಳ್ಳಲು ಅವಕಾಶ ಕೊಡಬೇಕು. ಪರಿಹಾರದ ಸಿವಿಲ್ ದಾವೆ ಹಾಕುವುದಾದರೆ ಒಂದು ವರ್ಷದೊಳಗೆ ಹಾಕಬೇಕು. ನನ್ನನ್ನು ಕೇಳಿದರೆ, ಇಷ್ಟು ದೂರ ಹೋಗಬೇಡಿ. ವಕೀಲನಾಗಿ ಈ ಸಲಹೆ ಕೊಟ್ಟರೆ ನನಗೇ ನಷ್ಟ, ಆದರೂ ಹೇಳುತ್ತೇನೆ. ಆ ಸಾಲನ್ನು ಹಿಂತೆಗೆದುಕೊಂಡು ಅದೇ ಗ್ರೂಪಿನಲ್ಲಿ ಕ್ಷಮೆ ಕೇಳಬೇಕು ಅಂತ ನಿಮ್ಮ ಗಂಡನ ಹೆಸರಿನಲ್ಲಿ ಒಂದು ನೋಟಿಸ್ ಕೊಡಿಸಿ. ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ.

ನಿಮ್ಮ ಚಿಕ್ಕಪ್ಪನ ಮಗನಿಗೆ ಧೈರ್ಯ ಹೇಳಿ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಅವರನ್ನು ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅವು ನಮ್ಮ ರಾಜ್ಯದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಇಲ್ಲಿ ವಾದಿಸುವಾಗ ತೂಕ ಇರುತ್ತದೆ. ಅವನೂ ಸೇರಿಕೊಂಡು ಬೈದಿದ್ದರೆ, ಬೈಯೋಕೆ ಹುರಿದುಂಬಿಸಿದ್ದರೆ ಈ ರಕ್ಷಣೆ ಸಿಗದು. ಅಡ್ಮಿನ್‌ಗೆ ಈಗ ಬೇರೆಯವರ ಮೆಸೇಜನ್ನೂ ಎಲ್ಲರ ಫೋನಿನಿಂದ ಅಳಿಸುವ ಅವಕಾಶ ಇದೆ. ಮಗಳ ಮಾತನ್ನು ಸ್ಕ್ರೀನ್‌ಶಾಟ್ ಆದ ಮೇಲೆ ಅಳಿಸಲಿ, ಮೊದಲೇ ಬೇಡ.

ಗ್ರೂಪಿಗೆ ಒಂದೇ ನಿಯಮ ಸಾಕು. ಅದೂ ಲೋಕಸಭೆಯದ್ದೇ, 353ನೇ ನಿಯಮ: ಯಾರ ಮೇಲಾದರೂ ಅವಮಾನಕರ ಆರೋಪ ಮಾಡುವ ಮೊದಲು ಸಭಾಧ್ಯಕ್ಷರಿಗೆ ತಿಳಿಸಬೇಕು. ನಿಮ್ಮಲ್ಲಿ ಸಭಾಧ್ಯಕ್ಷರ ಜಾಗದಲ್ಲಿ ಅಡ್ಮಿನ್. ಗ್ರೂಪಿನ ಸದಸ್ಯರ ಮೇಲೆ, ಅವರ ಮನೆಯವರ ಮೇಲೆ ಆರೋಪ ಇದ್ದರೆ ಆಧಾರ ಸಮೇತ ಮೊದಲು ಅವನಿಗೆ ಕಳಿಸಲಿ. ಹತ್ತು ನಿಯಮ ಬರೆದು ಪಿನ್ ಮಾಡಿದರೆ ಯಾರೂ ಓದುವುದಿಲ್ಲ.

ಉತ್ತರ ಕೊಡುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ನಿಮಗೆ ಬೇಕಾಗಿರುವುದು ಅದೇ. ನಮ್ಮ ವಿಧಾನಸಭೆಯಲ್ಲಿ ಎಷ್ಟೇ ಜಗಳ ಇದ್ದರೂ ಮಾತು ‘ಮಾನ್ಯ ಸಭಾಧ್ಯಕ್ಷರೇ’ ಎಂದೇ ಶುರುವಾಗಬೇಕು. ಎದುರಾಳಿಗೆ ಮುಖ ಕೊಟ್ಟು ಮಾತಾಡುವಂತಿಲ್ಲ, ಮೂರನೆಯವರಿಗೆ ಹೇಳಬೇಕು. ಮೂರನೆಯವರಿಗೆ ಹೇಳುವಾಗ ಮಾತು ತಾನೇ ತಣ್ಣಗಾಗುತ್ತದೆ. ನಿಮ್ಮ ಗ್ರೂಪಿನಲ್ಲಿ ಆ ಮೂರನೆಯವರು ಅಂದರೆ ಒಂದು ಮಾತೂ ಬರೆಯದೆ ಎಲ್ಲ ಓದುತ್ತಾ ಇರುವವರು. ಬೈದವನನ್ನು ನೀವು ಬದಲಾಯಿಸಲಾರಿರಿ. ಓದುವವರಿಗೆ ಬರೆಯಿರಿ.

ಹೀಗೆ: ‘ನನ್ನ ಗಂಡ ಕಂಡಕ್ಟರ್ ಹೌದು. ನೇಮಕಾತಿ ಆದರೆ ಅವರಿಗೂ ಅನುಕೂಲ. ನಾನು ಹೇಳಿದ್ದು ಇಷ್ಟು: ಬೆಳಿಗ್ಗೆ ಏಳೂವರೆ ಬಸ್ ಬಿಟ್ಟರೆ ಒಂಬತ್ತರವರೆಗೆ ಇನ್ನೊಂದಿಲ್ಲ. ಕಾಲೇಜು ಮಕ್ಕಳು ಬಾಗಿಲಲ್ಲಿ ನಿಂತು ಹೋಗ್ತಿದ್ದಾರೆ. ಸಮಯ ತಪ್ಪಿದ್ದರೆ ತಿದ್ದಿ.’ ನಿಮ್ಮೂರಿನ ನಿಜವಾದ ಸಮಯ ಹಾಕಿ. ಒಂದು ಸಲ ಹಾಕಿ, ಮತ್ತೆ ಬೇಡ. ರಾತ್ರಿ ಊಟ ಆದ ಮೇಲೆ ಅಂತೂ ಬೇಡವೇ ಬೇಡ.

ಎಲ್ಲರ ಜೊತೆ ವಾದಕ್ಕೆ ಕೂರಬೇಕು ಅಂತಲೂ ಇಲ್ಲ. ಚರಕ ಸಂಹಿತೆ ವೈದ್ಯರಿಗೆ ಚರ್ಚೆಯಲ್ಲೇ ಎರಡು ಬಗೆ ಹೇಳುತ್ತದೆ. ಸ್ನೇಹದಿಂದ ಕೂತು ಮಾಡುವ ಸಂಧಾಯ ಸಂಭಾಷೆ ಒಂದು, ಗೆಲ್ಲಲೆಂದೇ ಮಾಡುವ ವಿಗೃಹ್ಯ ಸಂಭಾಷೆ ಇನ್ನೊಂದು. ಎದುರಿಗಿರುವವರ ಸ್ವಭಾವ ನೋಡಿಕೊಂಡು ಯಾವುದಕ್ಕೆ ಇಳಿಯಬೇಕು, ಇಳಿಯಬೇಕೋ ಬೇಡವೋ ತೀರ್ಮಾನಿಸಿ ಅನ್ನುತ್ತದೆ. ‘ಎರಡು ಬಸ್ ಇವೆ’ ಎನ್ನುವ ಹಿರಿಯರ ಜೊತೆ ಮಾತು ಮುಂದುವರಿಸಿ. ಉಳಿದವರಿಗೆ ಮ್ಯೂಟ್ ಇದೆ.

ಗ್ರೂಪ್ ಬಿಡಬೇಡಿ. ಬಿಟ್ಟರೆ ನಾಳೆ ನಿಮ್ಮ ಬಗ್ಗೆ ಏನು ಹಾಕಿದರು ಅಂತ ನಿಮಗೆ ಗೊತ್ತಾಗುವುದಿಲ್ಲ, ಬಸ್ಸಿನ ವಿಷಯವೂ ಅಲ್ಲಿಗೇ ಸಾಯುತ್ತದೆ. ಅದನ್ನು ಗ್ರೂಪಿನಿಂದ ಹೊರಗೆ ತೆಗೆದುಕೊಂಡು ಹೋಗಿ. ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಮನವಿ ಬರೆದು, ‘ಭಕ್ತೆ’ ಅಂದವರಿಗೂ ‘ಗುಲಾಮ’ ಅಂದವರಿಗೂ ಸಹಿಗೆ ಕಳಿಸಿ. ಅವರ ಮಕ್ಕಳೂ ಅದೇ ಬಸ್ಸಿಗೆ ಕಾಯುತ್ತಾರೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅದಕ್ಕೆ ಮೊದಲು ನಿಮ್ಮೂರಿಗೆ ದಿನಕ್ಕೆ ಎಷ್ಟು ಟ್ರಿಪ್ ಇತ್ತು, ಈಗ ಎಷ್ಟು ಇದೆ ಅಂತ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಗ್ರೂಪಿನಲ್ಲಿ ಏನಾಯಿತು ಅಂತ ಅದರಲ್ಲಿ ಬರೆಯಬೇಡಿ.